ಹುಳದ ಮನೆಯ ಬಾಣಂತಿ

ಅಕ್ಕೂರಿನ ಕಡೆಯ ಊರುಗಳಲ್ಲಿ ರೇಷ್ಮೆ ಹುಳ ಮನೆಯೊಳಗಿದ್ದರೆ ನರ್ಸಮ್ಮನಿಗೆ ಹೊಸಿಲು ದಾಟುವ ಹಾಗಿಲ್ಲ. ಆ ಭಾಗದ ಉಪಕೇಂದ್ರದ ನರ್ಸು ನಾನು. ಬೆಳಗಿನಿಂದ ಮನೆ ಮನೆ ಸುತ್ತುವವಳು ಒಂದು ಮನೆಯ ಹುಳದ ರೋಗವನ್ನು ಇನ್ನೊಂದು ಮನೆಗೆ ಕಾಲಲ್ಲೇ ಹೊತ್ತುಕೊಂಡು ಬರುತ್ತೇನೆ ಎಂಬ ಭಯ ಅವರಿಗೆ. ಮೈಗೆ ಸ್ಪಿರಿಟ್ಟಿನ ವಾಸನೆ ಬೇರೆ. ಅವರ ಭಯ ಸುಳ್ಳೇನಲ್ಲ, ಆದ್ದರಿಂದ ನಾನೂ ಜಗಳಕ್ಕೆ ಹೋಗುತ್ತಿರಲಿಲ್ಲ. ಜಗಲಿಯ ತೊಲೆಗೆ ತಕ್ಕಡಿ ನೇತುಹಾಕಿ, ಮಗುವನ್ನು ಅಲ್ಲಿಗೇ ತರಿಸಿಕೊಂಡು ತೂಗಿ, ಮಾತ್ರೆ ಕೊಟ್ಟು, ಎರಡು ಮಾತು ಗದರಿ ಮುಂದಕ್ಕೆ ಹೋಗುವುದು ನನ್ನ ಪದ್ಧತಿ.

ಅಂಥ ಒಂದು ಮನೆಯಲ್ಲಿ ಚೊಚ್ಚಲ ಬಾಣಂತಿಯೊಬ್ಬಳಿದ್ದಳು. ನಮ್ಮ ಕಡೆ ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು, ತಿಂಗಳುಗಟ್ಟಲೆ. ಆದರೆ ಇವಳ ತಾಯಿ ಆಗಷ್ಟೇ ಗಾರ್ಮೆಂಟ್ಸ್ ಕೆಲಸಕ್ಕೆ ಸೇರಿದ್ದರು. ಬೆಳಕು ಹರಿಯುವ ಮೊದಲೇ ವ್ಯಾನು ಬಂದು ಕರೆದುಕೊಂಡು ಹೋಗುತ್ತಿತ್ತು. ರಜೆ ಹಾಕಿದಷ್ಟು ಹಾಕಿ, ಇನ್ನು ಕೊಡುವುದಿಲ್ಲ ಎಂದಮೇಲೆ ಮಗಳನ್ನೂ ಮೊಮ್ಮಗನನ್ನೂ ಗಂಡನ ಮನೆಗೆ ತಂದು ಬಿಟ್ಟು, ಬಾಗಿಲಲ್ಲೇ ಅತ್ತು ಹೋಗಿದ್ದರಂತೆ. ಗಂಡನಿಗೆ ಬಿಡದಿಯ ಕಾರ್ಖಾನೆಯಲ್ಲಿ ಶಿಫ್ಟು ಕೆಲಸ, ಮಾವ ಇಲ್ಲ. ಮನೆಯಲ್ಲಿ ಉಳಿದವರು ಅತ್ತೆ ಮತ್ತು ಬಿದಿರಿನ ತಟ್ಟೆಗಳ ತುಂಬ ಹುಳ.

ಒಂದು ದಿನ ಅತ್ತೆಯೇ ಮಗುವನ್ನು ತಂದು ಜೋಳಿಗೆಯಲ್ಲಿ ಮಲಗಿಸಿದರು. ತಕ್ಕಡಿಯ ಮುಳ್ಳು ಹೋದ ಸಲ ನಿಂತಲ್ಲೇ ನಿಂತಿತು. ಕೂಸು ಅಳುತ್ತಿತ್ತು, ಆದರೆ ಅಳುವಿನಲ್ಲಿ ಕಸುವಿರಲಿಲ್ಲ.

"ಅವರಮ್ಮ ಎಲ್ಲಕ್ಕಾ?"

"ಮಲಗವಳೆ ನರ್ಸಮ್ಮ."

"ಹಾಲು ಬರ್ತಾ ಇದೆಯಾ?"

"ಬರ್ತೈತೆ... ಒಸಿ ಒಸಿ."

ಕರೆಯಿರಿ ಎಂದೆ. ಬಾಗಿಲಿಗೆ ಬಂದು ನಿಂತಳು. ಕಿವಿಗೆ ಹತ್ತಿ, ತಲೆಗೆ ಬಿಗಿಯಾಗಿ ಕಟ್ಟಿದ ಬಟ್ಟೆ. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರೆ ರಕ್ತವೇ ಇಲ್ಲ, ಬಿಳುಚಿಕೊಂಡಿತ್ತು. ಅದು ನನಗೆ ಹೊಸದಲ್ಲ, ರಕ್ತ ಕಡಿಮೆಯಿರುವ ಬಾಣಂತಿಯರನ್ನು ಬೇಕಾದಷ್ಟು ನೋಡಿದ್ದೇನೆ. ನನಗೆ ದಿಗಿಲಾದದ್ದು ಬೇರೆ ಕಾರಣಕ್ಕೆ. ಪಕ್ಕದಲ್ಲೇ ಮಗು ಅಳುತ್ತಿದ್ದರೂ ಅವಳು ಆ ಕಡೆ ತಿರುಗಲೇ ಇಲ್ಲ. ಚೆನ್ನಾಗಿದ್ದೀಯಾ ಎಂದರೆ ಹೂಂ, ಮಾತ್ರೆ ನುಂಗುತ್ತಿದ್ದೀಯಾ ಎಂದರೆ ಹೂಂ, ಊಟ ಸೇರುತ್ತಿದೆಯಾ ಎಂದರೂ ಹೂಂ.

ಸೊಪ್ಪು ತಿನ್ನು, ಕಾಳು ತಿನ್ನು, ಹಾಲು ಕುಡಿ ಎಂದು ಬಾಯಿಪಾಠ ಒಪ್ಪಿಸಿ ಬಂದೆ. ಆರೋಗ್ಯ ಕೇಂದ್ರದ ಡಾಕ್ಟರಿಗೆ ಹೇಳಿದೆ. ಕರೆದುಕೊಂಡು ಬನ್ನಿ, ನೋಡೋಣ, ಅಲ್ಲಿಯವರೆಗೆ ಈ ಟಾನಿಕ್ಕು ಕೊಡಿ ಎಂದರು. ಟಾನಿಕ್ಕು ಕೊಡಲು ಹೋದಾಗ ಅತ್ತೆ ಕೈಮುಗಿದರು. "ಹುಳ ಕೊನೇ ಜ್ವರಕ್ಕೆ ಕೂರೋ ಹೊತ್ತು ನರ್ಸಮ್ಮ. ಈಗ ಮನೆ ಬುಟ್ಟು ಆಸ್ಪತ್ರೆಗೆ ಹೆಂಗ್ ಬರಾನ? ಗೂಡು ಕಟ್ಲಿ, ಆಮ್ಯಾಕೆ ಬತ್ತೀವಿ."

ಜ್ವರಕ್ಕೆ ಕೂರುವುದು ಎಂದರೆ ಕಾಯಿಲೆಯಲ್ಲ. ಹುಳ ಮೇವು ಬಿಟ್ಟು, ತಲೆಯೆತ್ತಿ, ಅಲುಗದೆ ಕೂತು ಹಳೆಯ ಪೊರೆ ಕಳಚಿಕೊಳ್ಳುವ ಹೊತ್ತು ಅದು. ನಾಲ್ಕು ಸಲ ಹೀಗಾದ ಮೇಲೆ ಒಂದು ವಾರ ಮುಕ್ಕಿ ಮುಕ್ಕಿ ತಿಂದು ಗೂಡಿಗೆ ಹೋಗುತ್ತದೆ. ಹುಳ ಜ್ವರಕ್ಕೆ ಕೂತಾಗ ಸೊಪ್ಪು ಹಾಕಬಾರದು, ತಟ್ಟೆ ಅಲುಗಿಸಬಾರದು, ಗದ್ದಲ ಮಾಡಬಾರದು.

ಹಿಂತಿರುಗುವಾಗ ಹಿಪ್ಪುನೇರಳೆ ತೋಟದ ಹತ್ತಿರ ಅವಳ ಗಂಡ ನನ್ನ ಮೊಪೆಡ್‌ಗೆ ಕೈ ಅಡ್ಡ ಹಿಡಿದ. ರಾತ್ರಿ ಪಾಳಿ ಮುಗಿಸಿ ಕಂಪನಿ ಬಸ್ಸಿನಿಂದ ಇಳಿದು, ಅದೇ ಬಟ್ಟೆಯಲ್ಲಿ ಸೊಪ್ಪು ಕೊಯ್ಯಲು ಬಂದಿದ್ದ. ಒಳ್ಳೆಯ ಹುಡುಗ, ಆದರೆ ನಿದ್ದೆಗೆಟ್ಟು ಕಣ್ಣು ಕೆಂಡವಾಗಿತ್ತು.

"ನರ್ಸಮ್ಮ, ನಿಮ್ಗೆ ಹೇಳ್ಬುಡ್ತೀನಿ. ಗೂಡು ಮಾರ್ಕೆಟ್ಟಿಗೆ ಹೋದ್ ಮ್ಯಾಲೆ ಮಗಾನ ನಮ್ಮಕ್ಕ ಕನಕಪುರಕ್ಕೆ ಕರ್ಕಂಡೋಯ್ತಾಳೆ. ಡಬ್ಬಿ ಹಾಲಾಕಿ ಸಾಕ್ತಾಳೆ. ಇವಳ್ನ ಅವರವ್ವನ ಮನೇಲಿ ಬುಡ್ತೀನಿ, ಸರಿಹೋಗೋಗಂಟ."

"ಅವಳನ್ನ ಕೇಳಿದೆಯೇನಪ್ಪಾ?"

"ಕೇಳ್ದೆ. ಹೂಂ ಅಂದ್ಲು." ಎಂದ. "ಏನ್ ಕೇಳುದ್ರೂ ಹೂಂ ಅಂತಾಳೆ. ಅದ್ಕೇ ನಂಗೆ ಹೆದ್ರಿಕೆ ಆಯ್ತದೆ."

ಅವನ ಅಕ್ಕನಿಗೆ ಮಕ್ಕಳಿರಲಿಲ್ಲ. ಪ್ರೀತಿಯಿಂದಲೇ ಸಾಕುತ್ತಾಳೆ, ಅದರಲ್ಲಿ ಅನುಮಾನವಿಲ್ಲ. ಆದರೆ ಮಗುವನ್ನು ಎದೆಯಿಂದ ಬಿಡಿಸಿದರೆ ಇರುವ ಹಾಲೂ ಬತ್ತುತ್ತದೆ. ತನ್ನ ಕೂಸನ್ನೇ ತಿರುಗಿ ನೋಡದಷ್ಟು ಕುಗ್ಗಿಹೋದ ಹುಡುಗಿ, ಅದು ಕಣ್ಣಿಂದ ದೂರವಾದ ಮೇಲೆ ಹಗಲೆಲ್ಲ ಯಾರೂ ಇಲ್ಲದ ತವರಿನಲ್ಲಿ ಒಬ್ಬಳೇ ಕೂತು ಏನಾದಾಳು? ಬೇರೆ ಮಾಡುವುದು ಒಂದು ಬಸ್ಸಿನ ಕೆಲಸ. ಮತ್ತೆ ಸೇರಿಸುವುದು ಯಾರ ಕೈಲಾಗುತ್ತದೋ ಗೊತ್ತಿಲ್ಲ. ಗೂಡು ಮಾರುಕಟ್ಟೆಗೆ ಹೋಗುವ ತನಕ ನನಗೆ ಅವಕಾಶವಿತ್ತು, ಅಷ್ಟೆ.

ಮಾರನೆಯ ದಿನ ಬೇರೆ ಯಾವ ಮನೆಗೂ ಹೋಗದೆ, ತಲೆಗೆ ನೀರು ಹಾಕಿಕೊಂಡು, ಪೌಡರು ಎಣ್ಣೆ ಏನೂ ಹಚ್ಚದೆ, ಒಗೆದ ನೂಲಿನ ಸೀರೆ ಉಟ್ಟು ನಡೆದುಕೊಂಡೇ ಹೋದೆ. ಬಾಗಿಲಿಗೆ ಹಾಸಿದ್ದ, ಬ್ಲೀಚಿಂಗ್ ನೀರಿನಲ್ಲಿ ನೆನೆಸಿದ ಗೋಣಿತಾಟಿನ ಮೇಲೆ ನಿಂತು, "ಅಕ್ಕಾ, ಇವತ್ತು ಒಳಗೆ ಬಿಡ್ತೀಯೋ ಇಲ್ಲಾ ಇಲ್ಲೇ ಕೂತ್ಕೊಂಡು ಸಂಜೆ ಮಾಡ್ಲೋ?" ಎಂದೆ. ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ನಕ್ಕರು. ಚೊಂಬಿನಲ್ಲಿ ನೀರು ತಂದು ತಾವೇ ನನ್ನ ಕಾಲಿಗೆ ಹುಯ್ದು, "ಹುಳದ ಕ್ವಾಣೆಗೆ ಮಾತ್ರ ಬರ್ಬ್ಯಾಡ ಕಣವ್ವ" ಎಂದರು.

ಒಳಗೆ ಎಲ್ಲರೂ ಪಿಸುಮಾತಿನಲ್ಲೇ ಬದುಕುತ್ತಿದ್ದರು. ಒಂದು ಕೋಣೆಯಲ್ಲಿ ಹುಳ ಜ್ವರಕ್ಕೆ ಕೂತಿತ್ತು. ನಡುಮನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದ ಗಂಡ ಮಲಗಿದ್ದ. ಹುಳದ ಮೈಮೇಲೆ ಮೊಟ್ಟೆಯಿಡುವ ಊಜಿ ನೊಣ ನುಗ್ಗದಂತೆ ಕಿಟಕಿಗೆಲ್ಲ ಪರದೆ ಕಟ್ಟಿ ಮನೆಯೆಲ್ಲ ಮಬ್ಬುಗತ್ತಲು. ಆ ಮಬ್ಬಿನಲ್ಲಿ, ಅಡುಗೆಮನೆಯ ಪಕ್ಕದ ಸಣ್ಣ ಕೋಣೆಯಲ್ಲಿ, ಚಾಪೆಯನ್ನು ಗೋಡೆಯ ಮೂಲೆಗೆ ಎಳೆದುಕೊಂಡು ಹುಡುಗಿ ಮಲಗಿದ್ದಳು. ಹಗಲೋ ಸಂಜೆಯೋ ಗೊತ್ತಾಗದ ಜಾಗ. ಮಾತಾಡಲು ಒಂದು ನರಪಿಳ್ಳೆಯಿಲ್ಲ.

ಊಟದ ಹೊತ್ತಿಗೆ ಅತ್ತೆ ತಟ್ಟೆ ತಂದಿಟ್ಟರು. ಮೆತ್ತಗೆ ಬೆಂದ ಅನ್ನ, ಮೆಣಸು ಕುಟ್ಟಿ ಹಾಕಿ ಕುದಿಸಿದ ತಿಳಿ ನೀರು. ಬಾಣಂತಿಗೆ ನಂಜಾಗುತ್ತದೆ ಎಂದು ಸೊಪ್ಪು, ಕಾಳು, ತರಕಾರಿ ಯಾವುದೂ ಇಲ್ಲ. ನೀರೂ ಅಳತೆಯ ಮೇಲೆ, ಸಣ್ಣ ಲೋಟದಲ್ಲಿ. ಆ ತಿಳಿಗೆ ಒಗ್ಗರಣೆಯೂ ಇಲ್ಲ ಎಂಬುದು ಹತ್ತಿರ ಬಗ್ಗಿ ಮೂಸಿದ ಮೇಲೆ ನನಗೆ ಹೊಳೆಯಿತು. ಹುಳ ಮನೆಯಲ್ಲಿದ್ದಾಗ ಒಗ್ಗರಣೆ ಹಾಕಬಾರದು. ಕಾದ ಎಣ್ಣೆ, ಬೆಳ್ಳುಳ್ಳಿ, ಸಾಸಿವೆಯ ಘಾಟು ಹುಳಕ್ಕೆ ಆಗುವುದಿಲ್ಲ. ರೇಷ್ಮೆಯ ಮನೆಗಳಲ್ಲಿ ಇದು ಎಲ್ಲರಿಗೂ ಗೊತ್ತಿರುವ ಕಟ್ಟುಪಾಡು. ಮಗ ಕಂಪನಿ ಕ್ಯಾಂಟೀನಿನಲ್ಲಿ ಉಂಡು ಬರುತ್ತಿದ್ದ. ಅತ್ತೆ ಜಗಲಿಯಲ್ಲಿ ಕೂತು ಮುದ್ದೆಗೆ ಹಸಿ ಈರುಳ್ಳಿ, ಹಸಿಮೆಣಸಿನಕಾಯಿ ನಂಜಿಕೊಳ್ಳುತ್ತಿದ್ದರು. ಹೊಸಿಲು ದಾಟುವ ಹಾಗಿಲ್ಲದವಳು ಇವಳೊಬ್ಬಳೇ. ಹುಳದ ಪಥ್ಯವೂ ಬಾಣಂತಿ ಪಥ್ಯವೂ ಒಟ್ಟಿಗೆ ಬಂದು ಇವಳ ತಟ್ಟೆಯಲ್ಲಿ ಕೂತಿದ್ದವು.

ಅವಳು ಎರಡು ತುತ್ತು ಬಾಯಿಗಿಟ್ಟು ತಟ್ಟೆ ಸರಿಸಿದಳು. ನಾನು ಕೊಟ್ಟಿದ್ದ ರಕ್ತದ ಮಾತ್ರೆಯನ್ನು ಕಾಫಿಯ ಜೊತೆ ನುಂಗಿದಳು. ಕಾಫಿಯಲ್ಲಿ ನುಂಗಿದರೆ ಅದು ಮೈಗೆ ಹತ್ತುವುದು ಅಷ್ಟಕ್ಕಷ್ಟೆ. ಅತ್ತೆ ತುಟಿಪಿಟಕ್ಕೆನ್ನದೆ ತಟ್ಟೆ ಎತ್ತಿಕೊಂಡರು, ಹೊದಿಕೆಯನ್ನು ಅವಳ ಕಾಲ ತನಕ ಎಳೆದು ಹೊದಿಸಿದರು, ಮಗುವನ್ನು ಎತ್ತಿಕೊಂಡು ಮೆಲ್ಲಗೆ ಬಾಗಿಲು ಮುಂದೆ ಮಾಡಿದರು. ಆ ಕೈಯಲ್ಲಿ ಒಂದಿಷ್ಟೂ ಸಿಡುಕಿರಲಿಲ್ಲ. ಬೈಯಲು ಬಾಯಿ ತೆರೆದಿದ್ದ ನಾನು ಅವರ ಹಿಂದೆಯೇ ಎದ್ದೆ.

ಹಿತ್ತಲಿಗೆ ಕರೆದುಕೊಂಡು ಹೋಗಿ ಕೇಳಿದೆ. "ಅಕ್ಕಾ, ಎರಡು ತುತ್ತಿಗೆ ತಟ್ಟೆ ಸರಿಸಿಬಿಟ್ಟಳು. ಇನ್ನೊಂದು ತುತ್ತು ತಿನ್ನು ಅಂತ ಒಂದು ಮಾತೂ ಆಡಲಿಲ್ಲವಲ್ಲ ನೀನು?"

"ಬಲವಂತ ಮಾಡ್ಬಾರ್ದು ನರ್ಸಮ್ಮ. ಹೆರಿಗೆ ಅಂದ್ರೆ ಮೈಯೆಲ್ಲ ಹೊಸ್ದಾಗದು. ಹುಳಾನೂ ಹಂಗೇ ಅಲ್ವಾ, ಪೊರೆ ಬುಡುವಾಗ ಮೇವು ಬ್ಯಾಡ ಅಂತದೆ. ಮುಟ್ಬಾರ್ದು, ಮಾತಾಡಿಸ್ಬಾರ್ದು. ತಾನೇ ಎದ್ದು ಮೇವು ಕೇಳ್ತದೆ. ಇವ್ಳೂ ಎದ್ದೇಳ್ತಾಳೆ."

ಆ ಹೆಂಗಸು ಸೊಸೆಯನ್ನು ಉಪವಾಸ ಕೆಡವಿರಲಿಲ್ಲ. ತಮಗೆ ಗೊತ್ತಿದ್ದ ಅತ್ಯಂತ ನಾಜೂಕಿನ ಆರೈಕೆಯನ್ನೇ ಮಾಡುತ್ತಿದ್ದರು. ಆದರೆ ನನ್ನ ಬಾಯಿ ಸುಮ್ಮನಿರುವುದಿಲ್ಲವಲ್ಲ. ಬುದ್ಧಿವಂತೆಯ ಹಾಗೆ ಕೇಳಿದೆ. "ಹಾಗಾದ್ರೆ ಜ್ವರಕ್ಕೆ ಕೂತ ಹುಳ ಯಾವುದು, ಕಾಯಿಲೆ ಬಿದ್ದ ಹುಳ ಯಾವುದು ಅಂತ ಹೆಂಗೆ ಹೇಳ್ತೀಯಕ್ಕಾ? ಎರಡೂ ತಿನ್ನಲ್ಲವಲ್ಲ?"

"ಅಯ್ಯೋ, ಅದೇನ್ ಕಷ್ಟ? ಜ್ವರಕ್ಕೆ ಕೂತುದ್ದು ತಲೆ ಎತ್ಕಂಡಿರ್ತದೆ, ಮೈ ಬಿಗಿಯಾಗಿರ್ತದೆ. ಕಾಯ್ಲೆ ಹುಳ ಸಡ್ಲ ಬಿದ್ದು, ತಟ್ಟೆ ಅಂಚಿಗೆ ಸರ್ಕಂಡ್ ಹೋಗ್ಬುಡ್ತದೆ."

"ನಿನ್ನ ಸೊಸೆ ತಲೆ ಎತ್ತಿದ್ದಾಳೇನಕ್ಕಾ? ಚಾಪೆ ಎಲ್ಲಿಗೆ ಎಳ್ಕೊಂಡಿದ್ದಾಳೆ ನೋಡಿದೆಯಾ?"

ಅವರು ಮನೆಯ ಕಡೆ ತಿರುಗಿದರು. ಮುಖ ಬಣ್ಣಗೆಟ್ಟಿತು. "ಅಂಥಾವ್ನ ನಾವು ಆರ್ಸಿ ಹೊರಕ್ಕೆ ಹಾಕ್ತೀವಲ್ಲವ್ವಾ," ಎಂದರು ಮೆಲ್ಲಗೆ.

ನನ್ನ ನಾಲಿಗೆ ನಾನೇ ಕಚ್ಚಿಕೊಂಡೆ. ಹೋಲಿಕೆ ಕೊಟ್ಟು ದಾರಿ ತೋರಿಸಲು ಹೋಗಿ ಅವರನ್ನು ನೇರವಾಗಿ ಕನಕಪುರದ ಬಸ್ಸಿಗೇ ಹತ್ತಿಸಿದ ಹಾಗಾಯಿತು. ರೋಗದ ಹುಳ ತೆಗೆದುಹಾಕು, ಉಳಿದದ್ದನ್ನು ಕಾಪಾಡಿಕೋ. ಮಗ ಮಾಡಿದ್ದ ಏರ್ಪಾಡೂ ಅದೇ ತಾನೆ. ಅತ್ತೆಯೇ ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡು, "ಇವ್ಳೇನು ಹುಳವಾ? ನಮ್ಮನೆ ಹೆಣ್ಣು," ಎಂದರು. "ಏನ್ ಮಾಡ್ಬೇಕು ಹೇಳು."

ಒಲೆಯನ್ನು ಹೊರಗೆ ತೆಗೆದುಕೊಂಡು ಹೋಗೋಣ ಎಂದೆ. ಹಿತ್ತಲಿನಲ್ಲಿ ಚಂದ್ರಿಕೆಗಳನ್ನು, ಅಂದರೆ ಹುಳ ಗೂಡು ಕಟ್ಟುವ ಬಿದಿರಿನ ತಟ್ಟಿಗಳನ್ನು, ಒರಗಿಸಲು ಒಂದು ಚಪ್ಪರವಿತ್ತು. ಅತ್ತೆ ಒಂದು ಹಿಡಿ ಬೂದಿ ತೂರಿ ಗಾಳಿ ಯಾವ ಕಡೆಗಿದೆ ನೋಡಿದರು. ಮನೆಗೆ ಘಾಟು ಹೋಗದ ಮೂಲೆಯಲ್ಲಿ ಕಲ್ಲು ಹೂಡಿದೆವು. ಸಬ್ಬಸಿಗೆ ಸೊಪ್ಪು, ಹೆಸರುಕಾಳು ಬೇಯಿಸಿ ಬಸಿದು, ಬೆಳ್ಳುಳ್ಳಿ ಕೆಂಪಗೆ ಹುರಿದು ಒಗ್ಗರಣೆ ಕೊಟ್ಟ ಬಸ್ಸಾರು. ಪುಟ್ಟ ಮುದ್ದೆ, ತುಪ್ಪ, ಬೇಯಿಸಿದ ಮೊಟ್ಟೆ. ಬಾಣಂತಿಗೆ ಗಾಳಿ ತಾಗುತ್ತದೆ ಎಂದು ಅತ್ತೆ ಹೆದರಿದರು. ತಲೆಗೆ ಇನ್ನೊಂದು ಬಟ್ಟೆ ಸುತ್ತೋಣ, ಬಿಸಿಲಿಗೆ ಮಾತ್ರ ಬರಲಿ ಎಂದು ಚೌಕಾಸಿ ಮಾಡಿದೆ. ಮಾತ್ರೆಯನ್ನು ನಿಂಬೆಹಣ್ಣಿನ ಪಾನಕದಲ್ಲಿ ನುಂಗಿಸಿ, ಕಾಫಿ ಆಮೇಲೆ ಯಾವಾಗಲಾದರೂ ಕೊಡಿ ಎಂದೆ.

ಮಾರನೆಯ ದಿನಕ್ಕೆ ಹುಳ ಜ್ವರದಿಂದೆದ್ದು ಮೇಯಲು ಶುರುಮಾಡಿತು. ಅದಕ್ಕೆ ಸೊಪ್ಪು ಹಾಕಿ ಬಂದಾಗೆಲ್ಲ ಇವಳಿಗೂ ಏನಾದರೊಂದು ಕೊಡಬೇಕು, ಎದುರಿಗೆ ಕೂತು ಮಾತಾಡುತ್ತ ತಿನ್ನಿಸಬೇಕು ಎಂದು ಒಪ್ಪಂದವಾಯಿತು. ಗಂಡ ಪಾಳಿ ಮುಗಿಸಿ ಬಂದವನು ಮಲಗುವ ಮುಂಚೆ ಮಗುವನ್ನು ಎತ್ತಿಕೊಂಡು ತೋಟದ ಕಡೆ ಹೋಗಬೇಕು, ಅವಳು ಅಷ್ಟು ಹೊತ್ತು ಯಾರೂ ಎಬ್ಬಿಸದೆ ನಿದ್ದೆ ಮಾಡಬೇಕು. ಅವನು ಮರುಮಾತಾಡದೆ ಒಪ್ಪಿಕೊಂಡ.

ಎಲ್ಲ ಸುಸೂತ್ರವಾಯಿತು ಎಂದುಕೊಳ್ಳಬೇಡಿ. ಮೊದಲ ದಿನವೇ ಅವಳು ತಿಂದದ್ದನ್ನೆಲ್ಲ ಕಕ್ಕಿಕೊಂಡಳು. ಪಥ್ಯ ಮುರಿದದ್ದಕ್ಕೇ ಹೀಗಾಯಿತು ಎಂದು ಅಕ್ಕಪಕ್ಕದವರು ಅತ್ತೆಯ ಕಿವಿ ಊದಿದರು. ಮುದ್ದೆ ಬಿಟ್ಟು ರಾಗಿ ಗಂಜಿಯಿಂದ ಮತ್ತೆ ಶುರು ಮಾಡಿದೆವು. ಗಂಜಿ ಹೊಟ್ಟೆಯಲ್ಲಿ ನಿಂತಿತು. ನಾನು ಸಮಾಧಾನದ ಉಸಿರು ಬಿಡುವ ಹೊತ್ತಿಗೆ, ಒಂದು ಬೆಳಿಗ್ಗೆ ಚಪ್ಪರದ ಕೆಳಗೆ ಅವಳ ಜಡೆ ಬಿಡಿಸುತ್ತ ಕೂತಿದ್ದಾಗ, ಅವಳು ತಾನಾಗಿಯೇ ಬಾಯಿ ಬಿಟ್ಟಳು.

"ನರ್ಸಮ್ಮ, ನಾನಿಲ್ದಿದ್ರೆ ಮಗ ಚೆನ್ನಾಗಿರ್ತಾನೆ ಅಲ್ವಾ?"

ಬಾಚಣಿಗೆ ಕೆಳಗಿಟ್ಟೆ. ಹಾಗೆ ಎಷ್ಟು ದಿನದಿಂದ ಅನಿಸುತ್ತಿದೆಯಮ್ಮ ಎಂದು ಮೆಲ್ಲಗೆ ಕೇಳಿದೆ. ಅವಳಿಗೆ ಕಣ್ಣೀರು ಬಂತು. ಅವಳನ್ನು ತಬ್ಬಿಕೊಂಡು ಕೂತೇ ಅತ್ತೆಯನ್ನು ಕೂಗಿದೆ. ಇನ್ನು ಗಂಜಿ, ಬಸ್ಸಾರಿನಿಂದ ಆಗುವ ಕೆಲಸವಲ್ಲ, ಇವತ್ತೇ ಚನ್ನಪಟ್ಟಣದ ಆಸ್ಪತ್ರೆಗೆ ಹೋಗಬೇಕು, ನೀನೂ ಬರಬೇಕು ಎಂದೆ.

ಹುಳ ಎಲ್ಲಕ್ಕಿಂತ ಹೆಚ್ಚು ತಿನ್ನುವ ದಿನಗಳು ಅವು. ಒಂದು ಹೊತ್ತಿನ ಸೊಪ್ಪು ತಪ್ಪಿದರೆ ಗೂಡು ಪೊಳ್ಳಾಗುತ್ತದೆ. ಕೋಣೆಯೊಳಗಿಂದ ಸರಸರ ಮೇಯುವ ಸದ್ದು ಚಪ್ಪರದ ತನಕ ಕೇಳುತ್ತಿತ್ತು. ಅತ್ತೆ ಆ ಕಡೆ ನೋಡಿದರು, ಸೊಸೆಯ ಕಡೆ ನೋಡಿದರು. ನಡುಮನೆಗೆ ಹೋಗಿ ಮಲಗಿದ್ದ ಮಗನನ್ನು ತಟ್ಟಿ ಎಬ್ಬಿಸಿದರು.

"ಏಳ್ಲಾ ಮಗ. ಸೊಪ್ಪು ನೀನು ಹಾಕು. ಆಗದಿದ್ರೆ ಬುಡು, ಒಂದೊತ್ತು ಉಪಾಸ ಇರ್ಲಿ. ನಾನು ಇವಳ್ನ ಕರ್ಕಂಡು ಚನ್ನಪಟ್ಣಕ್ಕೆ ಹೋಗ್ಬುಟ್ಟು ಬತ್ತೀನಿ."

ಆ ಮನೆಯಲ್ಲಿ ಹುಳ ಇದ್ದಾಗ ಅತ್ತೆ ಊರ ಗಡಿ ದಾಟಿದ್ದು ಅದೇ ಮೊದಲು. ಆಟೋದಲ್ಲಿ ಸೊಸೆಯ ತಲೆಯನ್ನು ತನ್ನ ಹೆಗಲಿಗೆ ಒತ್ತಿಕೊಂಡೇ ಕೂತಿದ್ದರು. ಆಸ್ಪತ್ರೆಯ ಡಾಕ್ಟರಮ್ಮ ಬಹಳ ಹೊತ್ತು ಮಾತಾಡಿಸಿದರು. ಹೆರಿಗೆಯ ನಂತರ ಮನಸ್ಸಿಗೆ ಹೀಗಾಗುವುದುಂಟು, ಇದು ಹುಡುಗಿಯ ತಪ್ಪಲ್ಲ, ಗಾಳಿ ಸೋಕಿದ್ದೂ ಅಲ್ಲ ಎಂದು ಅತ್ತೆಗೆ ತಿಳಿಸಿ ಹೇಳಿದರು. ಹಾಲು ಕುಡಿಯುವ ಮಗುವಿಗೆ ತೊಂದರೆಯಾಗದ ಮಾತ್ರೆ ಕೊಟ್ಟರು. ಒಬ್ಬಳನ್ನೇ ಬಿಡಬೇಡಿ, ನಿದ್ದೆ ಕೆಡಿಸಬೇಡಿ, ಈಗ ಕೊಡುತ್ತಿರುವ ಊಟ ಬಿಡಬೇಡಿ, ತಪ್ಪದೆ ತೋರಿಸಲು ಬನ್ನಿ ಎಂದರು. ಬರೀ ಊಟದಿಂದ ಅವಳು ಹುಷಾರಾದಳು ಎಂದು ನಾನು ಹೇಳಿದರೆ ಅದು ಸುಳ್ಳಾಗುತ್ತದೆ. ಊಟವಿಲ್ಲದೆ ಆಗುತ್ತಿತ್ತು ಎಂದರೆ ಅದೂ ಸುಳ್ಳೇ. ಮೈಯಲ್ಲಿ ರಕ್ತವಿಲ್ಲ, ಕಣ್ಣಿಗೆ ನಿದ್ದೆಯಿಲ್ಲ, ಬಿಸಿಲಿಲ್ಲ, ಮಾತಿಲ್ಲ ಎಂದರೆ ಮನಸ್ಸು ಯಾವುದನ್ನು ಹಿಡಿದುಕೊಂಡು ಎದ್ದು ನಿಲ್ಲಬೇಕು?

ಹುಳಗಳು ಹಣ್ಣಾಗಿ, ನೂಲು ಬಿಡುವ ಹದಕ್ಕೆ ಬಂದು, ಚಂದ್ರಿಕೆಗೆ ಹೋದವು. ಅಲ್ಲಿಯವರೆಗೂ ನಾನು ದಿನವೂ ಹೋಗಿ ಬರುತ್ತಿದ್ದೆ. ಬದಲಾವಣೆ ಕಣ್ಣಿಗೆ ಕಾಣುವಷ್ಟಿರಲಿಲ್ಲ. ಒಂದು ದಿನ ನಗುತ್ತಿದ್ದಳು, ಮರುದಿನ ಮತ್ತೆ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು. ಆಮೇಲೊಂದು ಮಧ್ಯಾಹ್ನ ನಾನು ಪಕ್ಕದೂರಿನಲ್ಲಿ ಮಕ್ಕಳಿಗೆ ಲಸಿಕೆ ಹಾಕುತ್ತಿದ್ದಾಗ ಅತ್ತೆ ಬಿಸಿಲಲ್ಲಿ ಏದುಸಿರು ಬಿಡುತ್ತ ಬಂದರು. ಏನೋ ಆಗಿಹೋಯಿತು ಎಂದು ಕೆಲಸ ಬಿಟ್ಟು ಎದ್ದೆ.

"ಸಾರಿಗೆ ಉಪ್ಪು ಕಮ್ಮಿ ಆಗದೆ ಅಂದ್ಲು ನರ್ಸಮ್ಮ!" ಎಂದರು. ಮುಖ ಊರಗಲವಾಗಿತ್ತು. "ಮುಖ ಸಿಂಡರಿಸ್ಕಂಡು ಅಂದ್ಲು. ನೀವೇನತ್ತೆ, ಉಪ್ಪೇ ಹಾಕಿಲ್ಲ ಅಂತ!"

ಸೊಸೆ ಅಡುಗೆಗೆ ಹೆಸರಿಟ್ಟಳು ಎಂದು ಇಷ್ಟು ಖುಷಿಪಟ್ಟ ಇನ್ನೊಬ್ಬ ಅತ್ತೆಯನ್ನು ನಾನು ಕಂಡಿಲ್ಲ. ಸಾಲಿನಲ್ಲಿ ಮಕ್ಕಳನ್ನು ಎತ್ತಿಕೊಂಡು ನಿಂತಿದ್ದ ತಾಯಂದಿರು ಇವರಿಬ್ಬರಿಗೂ ಏನಾಯಿತು ಎಂದು ಮಿಕಿಮಿಕಿ ನೋಡುತ್ತಿದ್ದರು. ನಾವು ಕೈ ಕೈ ಹಿಡಿದುಕೊಂಡು ನಗುತ್ತಿದ್ದೆವು.

ಗೂಡು ರಾಮನಗರದ ಮಾರುಕಟ್ಟೆಗೆ ಹೋಯಿತು. ಮಾರನೆಯ ದಿನವೇ ಕನಕಪುರದಿಂದ ಗಂಡನ ಅಕ್ಕ ಬಂದಿಳಿದರು. ಯಾರೂ ಅವರಿಗೆ ಬರಬೇಡ ಎಂದಿರಲಿಲ್ಲ, ಹೇಗೆ ಹೇಳುವುದೆಂದು ಯಾರಿಗೂ ಗೊತ್ತಾಗಿರಲಿಲ್ಲ. ಕೈಚೀಲದಲ್ಲಿ ಡಬ್ಬಿ ಹಾಲು, ಹೊಸ ಬಾಟಲಿ, ತಾವೇ ಹೆಣೆದ ಉಲ್ಲನ್ ಟೋಪಿ. ನಾನು ಜಗಲಿಯಲ್ಲಿ ತಕ್ಕಡಿ ಕಟ್ಟುತ್ತಿದ್ದೆ. ಹುಡುಗಿ ಕಂಬಕ್ಕೊರಗಿ ಮಗುವಿಗೆ ಹಾಲು ಕುಡಿಸುತ್ತಿದ್ದಳು. ಅಕ್ಕ ಹತ್ತಿರ ಹೋಗಿ ಎರಡೂ ಕೈ ಚಾಚಿ, "ಬಾ ಕಂದ" ಎಂದರು. ಗಂಡ ತಲೆ ತಗ್ಗಿಸಿದ. ಅತ್ತೆ ಬಾಗಿಲಿಗೆ ಬಂದು ನಿಂತರು.

ಹುಡುಗಿ ಮಗುವನ್ನು ಕೊಡಲಿಲ್ಲ. ಸೆರಗನ್ನು ಅದರ ಮೇಲೆ ಸರಿಮಾಡಿಕೊಂಡಳು. "ಇನ್ನೂ ಕುಡೀತಾವ್ನೆ ಅಕ್ಕ," ಎಂದಳು. ಅವರ ಮುಖವನ್ನೇ ನೋಡುತ್ತ, "ನಾನು ಕೊಡಾಕಿಲ್ಲ ಅಕ್ಕ. ನಾನೇ ಸಾಕ್ಕೋತೀನಿ," ಎಂದಳು.

ಚಾಚಿದ ಕೈ ಹಾಗೇ ಒಂದು ಗಳಿಗೆ ನಿಂತಿತು. ಆಮೇಲೆ ಆ ಕೈ ಹುಡುಗಿಯ ತಲೆ ಸವರಿತು. "ಆಗ್ಲವ್ವ. ನೀನೇ ಸಾಕ್ಕೋ," ಎಂದರು ಅಕ್ಕ. ಅತ್ತೆ ಒಳಗೋಡಿ ಮಗಳಿಗೆ ತಟ್ಟೆ ಹಾಕಿದರು. ಅಕ್ಕ ಊಟ ಮಾಡಿದರು, ಕಾಲು ನೀಡಿ ಕೂತು ಕೂಸಿಗೆ ನೀರೆರೆದರು, ಲೋಬಾನದ ಹೊಗೆ ಹಾಕಿದರು, ತಾವು ತಂದ ಟೋಪಿ ಹಾಕಿ ಮಲಗಿಸಿದರು. ಮಗು ಅತ್ತಾಗಲೆಲ್ಲ ಹುಡುಗಿ ಎದ್ದೆದ್ದು ಬಂದು ನೋಡಿ ಹೋಗುತ್ತಿದ್ದಳು.

ಸಂಜೆ ನಾನೇ ಅಕ್ಕನನ್ನು ಮೊಪೆಡ್ ಹಿಂದೆ ಕೂರಿಸಿಕೊಂಡು ಬಸ್ ಸ್ಟಾಪಿಗೆ ಹೊರಟೆ. ಕೈಚೀಲ ನಮ್ಮಿಬ್ಬರ ನಡುವೆ ಇತ್ತು. ತೋಟದ ಬದಿ ದಾಟಿದೆವು. ಆಮೇಲೆ, "ಹೂಂ ಅಂತ ಕೊಟ್ಬುಟ್ಟಿದ್ರೆ ನಾನು ಇಸ್ಕಂಡೋಯ್ತಿದ್ದೆ ನರ್ಸಮ್ಮ," ಎಂದರು. "ಕೊಡ್ನಿಲ್ವಲ್ಲ, ಅದೇ ಒಳ್ಳೇದಾಯ್ತು."

ನನ್ನ ಬೆನ್ನ ಮೇಲೆ ಅವರ ಹಣೆ ಒರಗಿತು. ರವಿಕೆ ಒದ್ದೆಯಾಗುತ್ತಿರುವುದು ತಿಳಿಯುತ್ತಿತ್ತು. ದೂರದಲ್ಲಿ ಬಸ್ಸು ಬಂದು ನಿಂತದ್ದು ಕಾಣಿಸಿತು. ನಾನು ಗಾಡಿಯನ್ನು ನಿಧಾನ ಮಾಡಿದೆ, ಆ ಬಸ್ಸು ಹೋದರೆ ಹೋಗಲಿ ಎಂದು.